ಗೊಬ್ಬರದ ಸೂಜಿ

ಹೊಟ್ಟಿನ ಹೊಗೆ ತಗಡಿನ ಸಂದಿಯಿಂದ ಏಳುವ ಹೊತ್ತಿಗೇ
ದಾವಣಗೆರೆಯ ಭಟ್ಟಿ ಸಾಲಿಗೆ ಬಂದಿರುತ್ತಿದ್ದೆ,
ಹೆಗಲಿಗೆ ನೀಲಿ ಡಬ್ಬಿ, ಕಂಕುಳಲ್ಲಿ ಸುರುಳಿ ಸುತ್ತಿದ ಪೋಸ್ಟರು.
ಅದರಲ್ಲಿ ನಗುವ ಮಗು. ಅದರ ಮೂಗು ಸೋರುತ್ತಿರಲಿಲ್ಲ.
ಕೆಳಗೆ ದಪ್ಪ ಅಕ್ಷರ:
ದಡಾರ-ರುಬೆಲ್ಲಾ ನಿರ್ಮೂಲನೆಗೆ ಕೈಜೋಡಿಸಿ.

ಕೈಗಳೆಲ್ಲ ಕಾದ ಮರಳಿನ ಮೇಲಿದ್ದವು.
ಓದಿ ಹೇಳಿದೆ. ಮಂಡಕ್ಕಿ ಚಟಚಟ ಅಂದಿತು.
ದನಿ ಏರಿಸಿ ಮತ್ತೆ ಓದಿದೆ.
ಒಂದು ಮೇಕೆ ತಿರುಗಿ ನೋಡಿತು.

ಮೂರು ಗುರುವಾರ ಹೀಗೆ.
ಉರ್ದು ಶಾಲೆಯ ಪಡಸಾಲೆ, ಒಂದು ಟೇಬಲ್ಲು, ನಾನು,
ಡಬ್ಬಿಯೊಳಗೆ ಕರಗುತ್ತಿದ್ದ ಐಸು.
ಆಫೀಸಿಗೆ ಬರೆದೆ: ಜನರಲ್ಲಿ ತಿಳಿವಳಿಕೆ ಕಡಿಮೆ.

ನಾಲ್ಕನೆಯ ವಾರ ಮೌಲಾಬಿ
ಭಟ್ಟಿಯ ಬಾಯಿಂದ ಮುಖ ಎತ್ತಿ ಕೇಳಿದಳು:
"ಅಲ್ಲ ನರ್ಸವ್ವಾ, ಈ ದಡಾರ ಅಂದ್ರ ಯಾರು?"

ಯಾರು. ಏನು ಅಂತಲೂ ಅಲ್ಲ.

ಹೇಳಿದೆ: ಜ್ವರ, ಕೆಮ್ಮು, ಕೆಂಗಣ್ಣು,
ಕಿವಿಯ ಹಿಂದೆ ಶುರುವಾಗಿ ಮೈತುಂಬ ಇಳಿಯುವ ಕೆಂಪು.
ಆಕೆ ಜರಡಿ ಕೆಳಗಿಟ್ಟಳು.
"ಗೊಬ್ಬರ ಅನ್ನಬಾರದಾ ಮತ್ತ!"

ಸಾಲಿಗೆ ಸಾಲೇ ತಿರುಗಿತು.
ಗೊಬ್ಬರವಾ, ಅಂದಳು ಕೊಟ್ರವ್ವ, ಚೀಲಕ್ಕೆ ಚುಚ್ಚಿದ ದಬ್ಬಣ ಅಲ್ಲೇ ಬಿಟ್ಟು.
ಗೋಬ್ರಿ, ಅಂತ ಒಳಗೆ ಯಾರೋ ಅತ್ತೆ ಸೊಸೆಗೆ ದಾಟಿಸಿದಳು.
ನಮ್ಮವ್ವನೂ ಅದನ್ನೇ ಅನ್ನುತ್ತಿದ್ದಳು, ಹೊಳೆಯಾಚೆ,
ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿ.
ಹೊಲದ ಗೊಬ್ಬರಕ್ಕೂ ಅದೇ ಹೆಸರು ಅಂತ
ನನ್ನ ಸರ್ಕಾರಿ ನಾಲಿಗೆ ನಾಚಿತ್ತೇನೋ,
ಟ್ರೇನಿಂಗಿನ ಯಾವ ತಿಂಗಳಲ್ಲಿ ಉದುರಿಸಿಕೊಂಡೆನೋ.

"ನಮ್ಮಕ್ಕ ಜುಬೇದಾ," ಅಂದಳು ಮೌಲಾಬಿ,
"ಐದು ವರ್ಷಕ್ಕ ಗೊಬ್ಬರ ಎದ್ದು ಎರಡೂ ಕಣ್ಣು ಹೋದುವು.
ಅಕ್ಕಿ ಅರಳಿದ್ದು ಕಿವೀಲೇ ಗೊತ್ತು ಆಕಿಗೆ.
ಆತು, ತಗೀರಿ, ಅಂತಿದ್ಲು.
ಒಂದು ದಿನಾನೂ ಹೊತ್ತಿಸಿಲ್ಲ."

ಆಮೇಲೆ ನಾನು ಚೀಲದ ಮೇಲೆ ಕೂತೆ.
ಮಾತು ಅವರದು.
ಬೆಳಿಗ್ಗೆ ಹತ್ತಕ್ಕ ಯಾರು ಬರ್ತಾರ? ಉರಿ ಇಳಿಸಿದ ಮ್ಯಾಲೆ, ಅಸರ್ ಆಗಲಿ.
ಶಾಲಿ ಬ್ಯಾಡ, ಕೊಟ್ರವ್ವನ ಕಟ್ಟಿ ಐತಲ್ಲ.
ಗಂಡಸರಿಗೆ ರಂಜಾನ್‌ಸಾಬ ಹೇಳಲಿ,
ಆದ್ರ ಚಾದಂಗಡ್ಯಾಗ; ಮೈಕಿನಾಗ ಹೇಳಿದ್ರ ಹೆದರ್ತಾರ.
ಜ್ವರ ಬರ್ತೈತೇನು?
ಕೆಲವು ಮಕ್ಕಳಿಗೆ ಬರುತ್ತದೆ, ಅಂದೆ, ಅವತ್ತಲ್ಲ, ವಾರ ಬಿಟ್ಟು, ಒಂದೆರಡು ದಿನ.
"ಕಾವು ಕೊಡದ ಅಕ್ಕಿ ಅರಳ್ತೈತಾ?" ಅಂದಳು ಮೌಲಾಬಿ. ನಕ್ಕರು.
ಪುಸ್ತಕದಲ್ಲಿ ಹಾಗಿಲ್ಲ. ನಾನು ತಿದ್ದಲಿಲ್ಲ.

ತಬಸ್ಸುಮ್ ಮಾತ್ರ ನಗಲಿಲ್ಲ.
ಹೋದ ವರ್ಷ ದೊಡ್ಡವನಿಗೆ ಸೂಜಿಯ ಜಾಗ ಬಾತು
ಮೂರು ರಾತ್ರಿ ಅತ್ತಾಗ
ನಿಮ್ಮಲ್ಲಿ ಯಾರು ಬಂದಿದ್ದಿರಿ, ಅಂದಳು,
ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡು.
ಉತ್ತರ ಇರಲಿಲ್ಲ.
ವರದಿಯ ಹಾಳೆಯಲ್ಲಿ ಅದಕ್ಕೊಂದು ಕಾಲಮ್ಮೂ ಇರಲಿಲ್ಲ;
ಅಂಚಿನಲ್ಲಿ ಬರೆದುಕೊಂಡೆ.

ಪೋಸ್ಟರಿನ ಬೆನ್ನು ಬಿಳಿಯಿತ್ತು.
ಕೊಟ್ರವ್ವನ ಮೊಮ್ಮಗ ಇದ್ದಿಲು ತಂದು ಬರೆದ:
ಗೊಬ್ಬರದ ಸೂಜಿ. ಗುರವಾರ. ಸಂಜಿಗೆ.
ನಗುವ ಮಗು ಗೋಡೆಯ ಕಡೆ ಮುಖ ಮಾಡಿತು.

ಗುರುವಾರ ಹತ್ತೊಂಬತ್ತು ಮಕ್ಕಳು.
ಅಳುವವರ ಬಾಯಿಗೆಲ್ಲ ಮೌಲಾಬಿ ಬಿಸಿ ಮಂಡಕ್ಕಿ ತುರುಕಿದಳು;
ಹಲ್ಲಿಲ್ಲದ್ದಕ್ಕೆ ಬೆರಳು.
ತಬಸ್ಸುಮ್ ಬರಲಿಲ್ಲ.

ಒಂಬತ್ತನೆಯ ದಿನ ರಾತ್ರಿ ಫೋನು:
ಕೊಟ್ರವ್ವನ ಮನೆಯ ಕೂಸಿಗೆ ಮೈ ಸುಡುತ್ತಿದೆ.
ಗಂಡನ ಬೈಕಿನ ಹಿಂದೆ ಕೂತು ಹೋದೆ.
ಒದ್ದೆ ಬಟ್ಟೆ, ಕಾಲು ಚಮಚ ಸಿರಪ್ಪು,
ಎದೆಹಾಲು ಬಿಡಿಸಬೇಡ ಅನ್ನುವ ಮಾತು.
ಕೂಸು ನಿದ್ದೆಗೆ ಜಾರುವವರೆಗೆ ಅಲ್ಲೇ ಇದ್ದೆ.

ಹೊರಬಂದಾಗ ಎದುರು ಬಾಗಿಲಲ್ಲಿ ದೀಪ ಹಾಕದೆ ನಿಂತಿದ್ದಳು,
ಸೆರಗಿನೊಳಗೆ ಮಗು.
ಕೂಸು ಹೇಗಿದೆ ಅಂತ ಕೇಳಲಿಲ್ಲ ತಬಸ್ಸುಮ್.
ನಾನು ಬಂದೆನೋ ಇಲ್ಲವೋ
ಅದನ್ನಷ್ಟೇ ನೋಡುತ್ತಿದ್ದಳು.